ಸೈಕಲ್ ಕೊಟ್ರಿ, ದಾರಿ ಎಲ್ಲೈತಿ?

ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಿಂದ ಅಂಕೋಲಾದ ಕಡಲಿಗೆ ಸುಮಾರು 130 ಕಿಲೋಮೀಟರ್. ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟ್. ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆಯೂ ಬೇಡ್ತಿಯಾಗಿ, ಗಂಗಾವಳಿಯಾಗಿ ಅದೇ ಕಡಲು ಸೇರ್ತದೆ. ಸೈಕಲ್ ತುಳಿಯೋರಿಗೆ ಇದಕ್ಕಿಂತ ಚೆಂದದ ದಾರಿ ಇಲ್ಲ ಅಂತ ನಾನಂತೂ ಹೇಳ್ತೀನಿ.

ಆದ್ರೆ ಘಾಟ್‌ನಲ್ಲಿ ಏರೋದಲ್ಲ, ಇಳಿಯೋದೇ ಭಯ. ಹುಬ್ಬಳ್ಳಿ-ಅಂಕೋಲಾ ರೈಲು ಇನ್ನೂ ಓಡಿಲ್ಲ, ಲಾರಿಗಳೆಲ್ಲ ಇದೇ ರಸ್ತೆಗೆ. ಕಲಿತ ಎಂಜಿನಿಯರಿಂಗ್ ಇಲ್ಲಾದರೂ ಬರಲಿ: 60 ಕಿಲೋಮೀಟರ್ ವೇಗದ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ದಾಟ್ತದೆ. ತಿರುವಿನಲ್ಲಿ ಅದು 50 ಮೀಟರ್ ದೂರದಲ್ಲಿ ಕಂಡ್ರೆ ನಿಮಗಿರೋದು ಮೂರೇ ಸೆಕೆಂಡು. ಸರಿಯೋದು ಎಲ್ಲಿಗೆ? ಬಿಳಿ ಗೆರೆಯಾಚೆ ಡಾಂಬರೇ ಮುಗಿದು ಜಲ್ಲಿ, ತಗ್ಗು.

ಹವ್ಯಾಸದವರು ಬಿಡ್ರಿ, ಮನ್ಯಾಗ ಕೂತರೂ ನಡೀತದ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿತು. ಹೆದ್ದಾರಿ ಪಕ್ಕದ ಹಳ್ಳಿ ಮಕ್ಕಳು ಆ ಸೈಕಲ್ ತುಳಿಯಬೇಕಾದ್ದು ಇಂಥ ಅಂಚಿನಲ್ಲೇ. ಸೈಕಲ್ಲಿಗೆ ದುಡ್ಡು ಹುಟ್ಟಿತು, ಒಂದೂವರೆ ಮೀಟರ್ ಜಾಗ ಹುಟ್ಟಲಿಲ್ಲ. ಹೆದ್ದಾರಿ ಸಾಹೇಬರೇ, ಮುಂದಿನ ಸಲ ಡಾಂಬರಿಗೆ ಟೆಂಡರ್ ಕರೆಯುವಾಗ ಆ ಅಂಚಿನ ಲೆಕ್ಕವನ್ನೂ ಬರೀರಿ.