ಅಂಗಳದ ದುಂಡುಮಲ್ಲಿಗೆ



"ಮಲ್ಲಿಗೆ ಗಿಡವೇನೋ ಸೊಂಪಾಗಿ ಬೆಳೆದಿದೆ, ಆದರೆ ಹೂವೇ ಬಿಡುತ್ತಿಲ್ಲ." ಈ ಮಾತನ್ನು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕೇಳಿರುತ್ತೀರಿ. ಇದಕ್ಕೆ ಕಾರಣವೇನು? ಉಪಾಯವೇನು? ಇಂದು ನೋಡೋಣ.

ದುಂಡುಮಲ್ಲಿಗೆಯ ಸಸ್ಯಶಾಸ್ತ್ರೀಯ ಹೆಸರು ಜಾಸ್ಮಿನಮ್ ಸಾಂಬ್ಯಾಕ್. ಉಡುಪಿ ಜಿಲ್ಲೆಯ ಹೆಸರಾಂತ ಶಂಕರಪುರ ಮಲ್ಲಿಗೆಯೂ ಇದೇ ಜಾತಿಯದು. ಇದು ನಿತ್ಯಹಸಿರಿನ ಪೊದೆ. ಎಲೆಗಳೆಲ್ಲ ಒಮ್ಮೆಗೇ ಉದುರಿ ಗಿಡ ಬೋಳಾಗುವುದಿಲ್ಲ. ನಮ್ಮನ್ನು ಮೋಸಗೊಳಿಸುವುದು ಈ ಹಸಿರೇ. ಮೊಗ್ಗು ಮೂಡುವುದು ಹೊಸದಾಗಿ ಒಡೆದ ಚಿಗುರಿನ ತುದಿಯಲ್ಲಿ. ಹೊಸ ಚಿಗುರಿಲ್ಲದ ಗಿಡದಲ್ಲಿ ಎಲೆ ಎಷ್ಟಿದ್ದರೇನು?

ಆದ್ದರಿಂದ ಮಲ್ಲಿಗೆ ಬೆಳೆಯುವವರು ಕತ್ತರಿ ಹಿಡಿಯಲು ಅಂಜಬಾರದು. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಕೆಲವು ದಿನ ನೀರು ನಿಲ್ಲಿಸಿ, ಬೆಳೆದ ಗಿಡವನ್ನು ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರಕ್ಕೆ ಸವರಬೇಕು. ಒಣಗಿದ, ರೋಗ ತಗುಲಿದ ಕಡ್ಡಿಗಳನ್ನೂ ಉಳಿದ ಎಲೆಗಳನ್ನೂ ತೆಗೆಯಬೇಕು. ಬಳಿಕ ಬುಡ ಕೆದಕಿ, ಗೊಬ್ಬರ ಕೊಟ್ಟು ನೀರುಣಿಸಿದರೆ ಗಿಡ ಚಿಗುರುತ್ತದೆ. ಮಾರ್ಚಿನಿಂದ ಜುಲೈವರೆಗೆ ಹೂವಿನ ಸುಗ್ಗಿ.

ಗೊಬ್ಬರದಲ್ಲಿಯೂ ಎಚ್ಚರಿಕೆ ಬೇಕು. ಸಾರಜನಕ ಹೆಚ್ಚಾದರೆ ಎಲೆಯೇ ಬೆಳೆಯುತ್ತದೆ. ತೋಟದ ಮಲ್ಲಿಗೆಗೆ ಶಿಫಾರಸು ಮಾಡುವ ಪ್ರಮಾಣ ವರ್ಷಕ್ಕೆ ಗಿಡವೊಂದಕ್ಕೆ ಸಾರಜನಕ 60 ಗ್ರಾಂ, ರಂಜಕ ಮತ್ತು ಪೊಟ್ಯಾಷ್ ತಲಾ 120 ಗ್ರಾಂ. ಇದನ್ನು ಎರಡು ಕಂತುಗಳಲ್ಲಿ ಕೊಡುತ್ತಾರೆ. ಮನೆಯಂಗಳದ ಗಿಡಕ್ಕೆ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮೂಳೆಪುಡಿ, ಒಂದು ಹಿಡಿ ಬೂದಿ ಸಾಕು. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಮುಖ್ಯ.

ಗಿಡವಿಲ್ಲದವರು ಬೀಜಕ್ಕಾಗಿ ಹುಡುಕಬೇಡಿ. ದುಂಡುಮಲ್ಲಿಗೆಯಲ್ಲಿ ಬೀಜ ಕಟ್ಟುವುದು ತೀರ ಅಪರೂಪ. ಮಳೆಗಾಲದಲ್ಲಿ ಮೂರು ನಾಲ್ಕು ಗಿಣ್ಣುಗಳಿರುವ, ಗೇಣುದ್ದದ ಬಲಿತ ಕಡ್ಡಿಯನ್ನು ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ನೆರಳಿನಲ್ಲಿಟ್ಟು ತೇವ ಕಾಪಾಡಿ. ಬೇರು ಬಂದು ಚಿಗುರಿದ ಮೇಲೆ ಬಿಸಿಲಿಗೆ ತನ್ನಿ.

ಇನ್ನು ಪರಿಮಳದ ವಿಷಯ. ಬೆಳಿಗ್ಗೆ ಕಿತ್ತ ಬಿಗಿಮೊಗ್ಗಿನಲ್ಲಿ ವಾಸನೆ ಹೆಚ್ಚೇನೂ ಇಲ್ಲ. ಸಂಜೆ ಅದು ಅರಳುವಾಗ ಮನೆಯೆಲ್ಲ ಘಮಘಮ. ಗಿಡದಿಂದ ಬೇರ್ಪಟ್ಟ ಮೇಲೂ ಮೊಗ್ಗಿನ ಜೀವಕೋಶಗಳು ಕೆಲಸ ನಿಲ್ಲಿಸುವುದಿಲ್ಲ. ಬೆಂಜೈಲ್ ಅಸಿಟೇಟ್, ಲಿನಲೂಲ್ ಮೊದಲಾದ ಆವಿಯಾಗುವ ವಸ್ತುಗಳು ಅರಳುವ ಹೊತ್ತಿಗೆ ಹೊರಬೀಳುತ್ತವೆ. ಅದಕ್ಕೇ ಬೆಳೆಗಾರರು ಮುಂಜಾನೆಯೇ ಮೊಗ್ಗು ಬಿಡಿಸಿಬಿಡುತ್ತಾರೆ. ಅರಳಿದ ಹೂವಿಗೆ ಮಾರುಕಟ್ಟೆಯಿಲ್ಲ. ಶಂಕರಪುರದ ಕಡೆ ಮೊಗ್ಗನ್ನು ಕಟ್ಟಿ ಚೆಂಡು ಮಾಡುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮನೆಯ ಪಕ್ಕದ ತುಂಡು ನೆಲದಲ್ಲಿ ಬೆಳೆದ ಈ ಹೂವೇ ಅಲ್ಲಿನ ಎಷ್ಟೋ ಕುಟುಂಬಗಳಿಗೆ ದಿನದ ಸಂಪಾದನೆ. ಅವರ ಪಾಲಿಗೆ ಸವರುವ ಕಾಲ ತಪ್ಪುವುದೆಂದರೆ ಆದಾಯ ತಪ್ಪಿದಂತೆ.

ನೀವೂ ಒಂದು ಪ್ರಯೋಗ ಮಾಡಿ. ಒಂದೇ ವಯಸ್ಸಿನ ಎರಡು ಗಿಡಗಳಲ್ಲಿ ಒಂದನ್ನು ಡಿಸೆಂಬರಿನಲ್ಲಿ ಸವರಿ, ಇನ್ನೊಂದನ್ನು ಹಾಗೆಯೇ ಬಿಡಿ. ನೀರು, ಗೊಬ್ಬರ, ಬಿಸಿಲು ಎರಡಕ್ಕೂ ಸಮನಾಗಿರಲಿ. ಮಾರ್ಚಿನಿಂದ ಪ್ರತಿದಿನ ಮೊಗ್ಗು ಎಣಿಸಿ ಬರೆದಿಡಿ. ಕತ್ತರಿ ಗಿಡಕ್ಕೆ ಶತ್ರುವೋ ಮಿತ್ರನೋ ಎಂಬುದನ್ನು ನಿಮ್ಮ ಪುಸ್ತಕದ ಲೆಕ್ಕವೇ ಹೇಳುತ್ತದೆ.