ಜಾಗ ಬದಲಿಸಿದ ಮನೆಗಳು



ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಎಂದೊಡನೆ ನಾಗರಹೊಳೆಯ ಹುಲಿ, ಕಬಿನಿ ಹಿನ್ನೀರಿನ ಆನೆ, ಹೊಗೆಸೊಪ್ಪಿನ ಹರಾಜು, ಕಾವೇರಿ ಬಯಲಿನ ಭತ್ತ ನೆನಪಾಗುವುದು ಸಹಜ. ಇಂದಿನ ವಿಷಯ ಅದಕ್ಕಿಂತ ಸರಳವಾದದ್ದು. ಇಲ್ಲಿನ ಜನ ಎಲ್ಲಿ ವಾಸಿಸುತ್ತಾರೆ, ಅವರ ಮನೆ ಆ ಜಾಗಕ್ಕೆ ಹೇಗೆ ಬಂತು ಎಂಬುದು.

ಹಳ್ಳಿಯ ಮನೆ ಎಂದರೆ ಅಲುಗದ ವಸ್ತು ಎಂಬ ಭಾವನೆ ಸಾಮಾನ್ಯವಾಗಿದೆ. ಅಜ್ಜ ಕಟ್ಟಿದ ಮಣ್ಣಿನ ಗೋಡೆ, ಅಪ್ಪ ಹೊದಿಸಿದ ಹೆಂಚು, ಮಗ ಹಾಕಿಸಿದ ತಾರಸಿ. ಜಾಗ ಮಾತ್ರ ಅದೇ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸುಮಾರು ನೂರು ವರ್ಷಗಳ ಅವಧಿಯಲ್ಲಿ ಊರಿಗೆ ಊರೇ ಎದ್ದು ಬೇರೆ ಕಡೆ ಕೂತ ಪ್ರಸಂಗಗಳು ನಾಲ್ಕು. ಒಮ್ಮೆ ಪ್ರವಾಹ, ಒಮ್ಮೆ ಪರದೇಶದ ರಾಜಕೀಯ, ಒಮ್ಮೆ ಅಣೆಕಟ್ಟು, ಒಮ್ಮೆ ಕಾಡಿನ ಕಾನೂನು ಇದಕ್ಕೆ ಕಾರಣ. ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಜಾಗ ಬದಲಿಸಿದ ಮನೆ ಮತ್ತೆ ಊರಾಗಬೇಕಾದರೆ ಏನೇನು ಬೇಕು?

ಮೊದಲನೆಯದು ಕೃಷ್ಣರಾಜನಗರ. ಈ ಊರಿಗೆ ನೂರು ವರ್ಷಕ್ಕಿಂತ ಹಿಂದಿನ ಚರಿತ್ರೆ ಹುಡುಕಿದರೆ ಸಿಗುವುದು ಬೇರೊಂದು ಹೆಸರು: ಎಡತೊರೆ. ಕಾವೇರಿಯ ದಡದಲ್ಲಿ, ಅರ್ಕೇಶ್ವರ ದೇವಾಲಯದ ಮಗ್ಗುಲಲ್ಲಿದ್ದ ಹಳೆಯ ಪೇಟೆ ಅದು. 1924ರ ಜುಲೈ ತಿಂಗಳಲ್ಲಿ ಕಾವೇರಿ ಕಣಿವೆಯುದ್ದಕ್ಕೂ ಕಂಡುಕೇಳರಿಯದ ಪ್ರವಾಹ ಬಂತು. ಎಡತೊರೆಗೂ ಅದರ ಪೆಟ್ಟು ಬಿತ್ತು. ಹಳೆಯ ಊರನ್ನೇ ದುರಸ್ತಿ ಮಾಡುವ ಬದಲು ಸುಮಾರು ಒಂದು ಮೈಲಿ ದೂರದ ಎತ್ತರದ ನೆಲದಲ್ಲಿ ಹೊಸ ಪಟ್ಟಣ ಕಟ್ಟುವ ತೀರ್ಮಾನವಾಯಿತು. ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನೇ ಅದಕ್ಕೆ ಇಡಲಾಯಿತು.

ಈ ಸ್ಥಳಾಂತರ ನೆಲೆ ನಿಂತದ್ದು ಏಕೆ? ಊರು ಎತ್ತರಕ್ಕೆ ಹೋಯಿತು, ಆದರೆ ಜನರ ಗದ್ದೆಗಳು ಇದ್ದಲ್ಲೇ ಉಳಿದವು. ಕಾವೇರಿಯ ಹಳೆಯ ನಾಲೆಗಳ ನೀರು ಮೊದಲಿನಂತೆಯೇ ಹರಿಯಿತು. ದೇವರು ದಡದಲ್ಲೇ ಇದ್ದ. ಜಾತ್ರೆಗೆ ನಡೆದು ಹೋಗಬಹುದಿತ್ತು. ತಾಲ್ಲೂಕು ಕಚೇರಿ, ಸಂತೆ, ಶಾಲೆ ಜನರ ಹಿಂದೆಯೇ ಬಂದವು. ಮನೆ ಬದಲಾಯಿತೇ ಹೊರತು ಬದುಕು ಬದಲಾಗಲಿಲ್ಲ. ಇಂದು ಕೆ.ಆರ್. ನಗರದ ಮಕ್ಕಳಿಗೆ ತಮ್ಮ ಊರು ಒಮ್ಮೆ ಜಾಗ ಬದಲಿಸಿದ್ದೆಂಬುದು ಯಾರಾದರೂ ಹೇಳಿದರಷ್ಟೇ ಗೊತ್ತಾಗುತ್ತದೆ. ಸ್ಥಳಾಂತರ ಯಶಸ್ವಿಯಾಯಿತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡನೆಯ ಪ್ರಸಂಗ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯದು. 1959ರಲ್ಲಿ ದಲೈ ಲಾಮಾ ಟಿಬೆಟ್ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ನಿರಾಶ್ರಿತರಲ್ಲಿ ಅನೇಕರು ಹಿಮಾಲಯದ ತಪ್ಪಲಿನ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆದು ದಿನ ದೂಡುತ್ತಿದ್ದರು. ಅವರಿಗೆ ಶಾಶ್ವತ ನೆಲೆ ಕೊಡುವಂತೆ ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ನೆಲ ಕೊಟ್ಟಿತು. 1960ರ ಕೊನೆಯಿಂದ ಜನ ಬರತೊಡಗಿದರು.

ಬಂದವರಿಗೆ ಕಂಡದ್ದು ಬಿದಿರು ಮೆಳೆ, ಕುರುಚಲು ಕಾಡು, ಆನೆಗಳ ಓಡಾಟ. ಚಳಿಯ ದೇಶದವರಿಗೆ ಇಲ್ಲಿನ ಬಿಸಿಲೇ ದೊಡ್ಡ ಶತ್ರು. ಮೊದಲು ಡೇರೆ ಮತ್ತು ಬಿದಿರಿನ ಗುಡಿಸಲು, ನಂತರ ಇಟ್ಟಿಗೆ ಗೋಡೆಯ ಹೆಂಚಿನ ಮನೆ. ಕಾಡು ಕಡಿದ ನೆಲದಲ್ಲಿ ಮುಸುಕಿನ ಜೋಳ ಬೆಳೆಯಲು ಕಲಿತರು. ಸಹಕಾರ ಸಂಘ, ಶಾಲೆ, ಆಸ್ಪತ್ರೆ ಬಂದವು. 1963ರಲ್ಲಿ ಪೆನೊರ್ ರಿಂಪೋಚೆ ನಾಮ್‌ಡ್ರೋಲಿಂಗ್ ಮಠ ಆರಂಭಿಸಿದರು. 1970ರ ಹೊತ್ತಿಗೆ ಟಿಬೆಟ್ಟಿನ ದೊಡ್ಡ ವಿದ್ಯಾಪೀಠವಾದ ಸೆರಾ ಇಲ್ಲಿ ಮರುಜನ್ಮ ಪಡೆಯಿತು. 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸತಿ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ವಸತಿ ಆದವು. ಈ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ದಕ್ಷಿಣ ಭಾರತದ ಗ್ರಾಮೀಣಾಭಿವೃದ್ಧಿಯಲ್ಲಿ ದೊಡ್ಡ ಹೆಸರಾಯಿತು.

ಇಲ್ಲಿ ಜನ ಒಟ್ಟಾಗಿ ಬಂದರು, ಉಳುವ ನೆಲ ಮನೆಯ ಪಕ್ಕದಲ್ಲೇ ಸಿಕ್ಕಿತು, ತಮ್ಮ ವ್ಯವಹಾರ ನೋಡಿಕೊಳ್ಳುವ ಸಂಸ್ಥೆ ತಮ್ಮದೇ ಆಗಿತ್ತು. ಚಳಿಗಾಲದಲ್ಲಿ ದೂರದ ನಗರಗಳ ಬೀದಿಗಳಲ್ಲಿ ಸ್ವೆಟರ್ ಮಾರಿ ಬಂದ ಹಣ ಮನೆಯ ಆದಾಯಕ್ಕೆ ಸೇರಿತು. ಕಾವೇರಿಯ ಆಚೆ ದಡದ ಕುಶಾಲನಗರದ ಅಂಗಡಿಗಳಿಗೂ ಇವರ ನೆಲೆಯಿಂದ ವ್ಯಾಪಾರ ಬೆಳೆಯಿತು.

ಆದರೂ ಒಂದು ಕೊರತೆ ಉಳಿಯಿತು. ಸುತ್ತಮುತ್ತಲಿನ ಜನ ಈ ಊರುಗಳನ್ನು ಕರೆಯುವುದು ‘ಒಂದನೇ ಕ್ಯಾಂಪ್’, ‘ನಾಲ್ಕನೇ ಕ್ಯಾಂಪ್’ ಎಂದು. ಕ್ಯಾಂಪ್ ಎಂದರೆ ನಾಲ್ಕು ದಿನದ ಬಿಡಾರ. ಅರವತ್ತು ವರ್ಷ ದಾಟಿದರೂ ಆ ಹೆಸರು ಹೋಗಿಲ್ಲ. ಅದರಲ್ಲಿ ಸತ್ಯವೂ ಇದೆ: ಜಮೀನು ಗುತ್ತಿಗೆಯದು, ಮಾಲೀಕತ್ವದ್ದಲ್ಲ. ಹೊಸ ತಲೆಮಾರಿನವರು ಓದಿ ಬೆಂಗಳೂರಿಗೆ, ಅಲ್ಲಿಂದ ವಿದೇಶಗಳಿಗೆ ಹೋಗುತ್ತಿದ್ದಾರೆ. ಮಠಗಳಲ್ಲಿ ಲಡಾಖ್, ನೇಪಾಳ, ಭೂತಾನ್ ಕಡೆಯ ಹುಡುಗರೂ ಓದುತ್ತಿದ್ದಾರೆ. ಸಂಸಾರಸ್ಥರ ಮನೆಗಳಲ್ಲಿ ಮುದುಕರಷ್ಟೇ ಉಳಿಯುವುದು ಹೆಚ್ಚುತ್ತಿದೆ. 1999ರಲ್ಲಿ ತೆರೆದ ಸುವರ್ಣ ದೇವಾಲಯ ನೋಡಲು ಬರುವ ಪ್ರವಾಸಿಗರಿಗೆ ಈ ಖಾಲಿತನ ಕಾಣುವುದಿಲ್ಲ.

ಮೂರನೆಯದು ಹೆಗ್ಗಡದೇವನಕೋಟೆ ಸೀಮೆಯ ಕಬಿನಿ. ಬೀಚನಹಳ್ಳಿ ಬಳಿಯ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರ ಸಂಗ್ರಹ ಸಾಮರ್ಥ್ಯ 19.52 ಟಿಎಂಸಿ ಅಡಿ. ನೀರು ನಿಂತಂತೆ ಹತ್ತಾರು ಹಳ್ಳಿಗಳು ಮತ್ತು ದಟ್ಟ ಕಾಡು ಮುಳುಗಿದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಸಿರು ಹುಲ್ಲು ಚಿಗುರುತ್ತದೆ, ಅದನ್ನು ಮೇಯಲು ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಆ ದೃಶ್ಯ ನೋಡಲು ದೇಶವಿದೇಶದ ಜನ ಬಂದು ದಡದ ರೆಸಾರ್ಟ್‌ಗಳಲ್ಲಿ ತಂಗುತ್ತಾರೆ.

ಅಣೆಕಟ್ಟಿನ ನಿಯಮವೇ ಹಾಗೆ: ನೀರು ಕೆಳಕ್ಕೆ ಹರಿಯುತ್ತದೆ. ಮನೆ ಕಳೆದುಕೊಳ್ಳುವವರು ಮೇಲಿನವರು, ಗದ್ದೆ ಮಾಡಿಕೊಳ್ಳುವವರು ಕೆಳಗಿನವರು. ಎಡತೊರೆಯವರಿಗೆ ಮನೆ ಹೋದರೂ ಗದ್ದೆ ಉಳಿದಿತ್ತು. ಕಬಿನಿಯ ಮುಳುಗಡೆ ಹಳ್ಳಿಗಳವರಿಗೆ ಎರಡೂ ಒಟ್ಟಿಗೆ ಹೋದವು. ಪರಿಹಾರದ ಹಣ ಎಷ್ಟೇ ಇರಲಿ, ಹೊಳೆ ದಂಡೆಯ ಮೆಕ್ಕಲು ಮಣ್ಣು, ಬಾವಿ, ಹುಣಸೆ ಮರ, ನೆರೆಮನೆ ಇವೆಲ್ಲ ಅದರಲ್ಲಿ ಬರುವುದಿಲ್ಲ. ಊರು ಒಡೆದು ಬೇರೆ ಬೇರೆ ಕಡೆ ಹಂಚಿಹೋದಾಗ ಹೆಣ್ಣು ಕೊಟ್ಟು ತರುವ ನಂಟೂ, ಮುಯ್ಯಾಳಿನ ಲೆಕ್ಕವೂ ಮುರಿದುಬೀಳುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದದ್ದು. ನಾಗರಹೊಳೆಯ ಕಾಡು ಎಚ್.ಡಿ. ಕೋಟೆ ಮತ್ತು ಹುಣಸೂರು ಭಾಗದಿಂದ ಕೊಡಗಿನವರೆಗೆ ಹಬ್ಬಿದೆ. ಜೇನುಕುರುಬರು, ಬೆಟ್ಟಕುರುಬರು, ಯರವರು ಅಲ್ಲಿನ ಹಾಡಿಗಳಲ್ಲಿ ತಲೆತಲಾಂತರದಿಂದ ಇದ್ದವರು. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿದ ಮನೆ. ಹತ್ತು ಹದಿನೈದು ಮನೆ ಸೇರಿದರೆ ಒಂದು ಹಾಡಿ, ಅದಕ್ಕೊಬ್ಬ ಯಜಮಾನ. ಜೇನು, ಗೆಡ್ಡೆಗೆಣಸು, ಸೊಪ್ಪು, ಸೌದೆ ಎಲ್ಲವೂ ನಡೆದು ಹೋಗುವ ದೂರದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನೊಳಗಿನ ವಾಸ ಕಷ್ಟವಾಯಿತು. ಅನೇಕ ಕುಟುಂಬಗಳು ಯಾವ ಪರಿಹಾರವೂ ಇಲ್ಲದೆ ಕಾಡಂಚಿಗೆ ಬಂದು ಬಿದ್ದವು. ವ್ಯವಸ್ಥಿತ ಪುನರ್ವಸತಿ ಎಂಬುದು ಬಂದದ್ದು ತಡವಾಗಿ. 1999ರ ಹೊತ್ತಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ 250ಕ್ಕೂ ಹೆಚ್ಚು ಕುಟುಂಬಗಳಿಗೆ ಮನೆ, ಜಮೀನು ಕೊಟ್ಟು ನೆಲೆಗೊಳಿಸುವ ಕೆಲಸ ಆರಂಭವಾಯಿತು.

ಕಾಗದದ ಮೇಲೆ ನೋಡಿದರೆ ಇದು ಒಳ್ಳೆಯ ಯೋಜನೆ. ಗಟ್ಟಿ ಗೋಡೆಯ ಮನೆ, ಎಕರೆಗಟ್ಟಲೆ ಭೂಮಿ, ಆಶ್ರಮಶಾಲೆ. ಆದರೆ ಬೇಸಾಯ ಮಾಡಿ ಗೊತ್ತಿಲ್ಲದವರಿಗೆ ಮಳೆಯಾಶ್ರಿತ ಭೂಮಿ ಕೊಟ್ಟರೆ ಎತ್ತು, ಬಿತ್ತನೆ ಬೀಜ, ನೀರು, ಕಲಿಸುವವರು ಎಲ್ಲವೂ ಬೇಕು. ಅವೆಲ್ಲ ಒಟ್ಟಿಗೆ ಒದಗಲಿಲ್ಲ. ಈ ಸೀಮೆಯ ಹಾಡಿಗಳಿಂದ ಬೆಳಿಗ್ಗೆ ಜೀಪುಗಳು ಜನರನ್ನು ತುಂಬಿಕೊಂಡು ಕೊಡಗಿನ ಕಾಫಿ ತೋಟಗಳಿಗೆ ಹೊರಡುತ್ತವೆ. ಕೆಲವರು ವಾರಗಟ್ಟಲೆ ತೋಟದ ಲೈನ್ ಮನೆಗಳಲ್ಲೇ ಉಳಿಯುತ್ತಾರೆ. ತಂದೆತಾಯಿಯ ಜೊತೆ ಹೋದ ಮಗು ಶಾಲೆ ಬಿಡುತ್ತದೆ. ಇತ್ತ ಸರ್ಕಾರ ಕಟ್ಟಿಸಿಕೊಟ್ಟ ಮನೆಗೆ ಬೀಗ.

ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿಗಳ ಸ್ಥಿತಿಗತಿ ಅರಿಯಲು ರಾಜ್ಯ ಹೈಕೋರ್ಟ್ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿ. 2014ರಲ್ಲಿ ಸಲ್ಲಿಕೆಯಾದ ಅದರ ವರದಿ 3,418 ಕುಟುಂಬಗಳಿಗೆ ಪುನರ್ವಸತಿ ಬೇಕೆಂದು ಹೇಳಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ವಾಸವಿದ್ದವರ ಹಕ್ಕನ್ನು ಒಪ್ಪಿಕೊಂಡಿದೆ. ಆದರೆ ಕಾಯ್ದೆಯಲ್ಲಿರುವ ಹಕ್ಕು ಹಾಡಿಯ ಮನೆಯ ಪೆಟ್ಟಿಗೆಯೊಳಗೆ ಹಕ್ಕುಪತ್ರವಾಗಿ ಬಂದು ಸೇರುವ ದಾರಿ ಬಹಳ ಉದ್ದ.

ಕಾಗದದ ಬೆಲೆ ಎಷ್ಟೆಂಬುದು ಈ ಸೀಮೆಯ ರೈತರಿಗೂ ಗೊತ್ತು. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಮನೆಯ ಬಳಿ ಎತ್ತರವಾಗಿ ನಿಂತಿರುವ ಹೊಗೆಸೊಪ್ಪಿನ ಬ್ಯಾರನ್‌ಗಳನ್ನು ನೋಡಿ. ಸೊಪ್ಪು ಬೇಯುವ ಐದಾರು ದಿನ ಒಲೆ ಆರುವಂತಿಲ್ಲ. ಮನೆಮಂದಿ ಸರದಿಯಲ್ಲಿ ಎದ್ದು ಸೌದೆ ಒಟ್ಟುತ್ತಾರೆ. ಆ ಬ್ಯಾರನ್‌ಗೆ ತಂಬಾಕು ಮಂಡಳಿಯ ಪರವಾನಗಿ ಇದ್ದರೆ ಅದೊಂದು ಆಸ್ತಿ. ಇಲ್ಲದಿದ್ದರೆ ಅದೇ ಇಟ್ಟಿಗೆ, ಅದೇ ಮಣ್ಣು, ಬೆಲೆ ಮಾತ್ರ ಬೇರೆ. ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರಿಗೆ ಕೊಟ್ಟದ್ದೂ ಹೊಸ ಭೂಮಿಯಲ್ಲ. ತಾವೇ ಉಳುತ್ತಿದ್ದ ಭೂಮಿಗೆ ತಮ್ಮ ಹೆಸರಿನ ಕಾಗದ ಕೊಟ್ಟಿತು. ಅಷ್ಟರಿಂದಲೇ ಸಾವಿರಾರು ಸಂಸಾರಗಳು ತಲೆಯೆತ್ತಿದವು.

ಹೀಗೆ ನೋಡಿದರೆ ಜಾಗ ಬದಲಿಸಿದ ಮನೆ ಊರಾಗಲು ಮೂರು ಸಂಗತಿ ಬೇಕು: ಜನ ಒಟ್ಟಾಗಿ ಹೋಗಬೇಕು, ಕೆಲಸ ನಡೆದು ಹೋಗುವ ದೂರದಲ್ಲಿರಬೇಕು, ಕೈಯಲ್ಲಿ ತಮ್ಮ ಹೆಸರಿನ ಪತ್ರವಿರಬೇಕು. ಕೃಷ್ಣರಾಜನಗರಕ್ಕೆ ಮೂರೂ ಇದ್ದವು. ಬೈಲಕುಪ್ಪೆಗೆ ಮೊದಲ ಎರಡು ಸಿಕ್ಕವು, ಮೂರನೆಯದು ಸಿಗಲಿಲ್ಲ. ಕಬಿನಿಯ ಮುಳುಗಡೆಯವರಿಗೆ ಪರಿಹಾರವಿತ್ತು, ಊರು ಉಳಿಯಲಿಲ್ಲ. ಹಾಡಿಯವರ ಪಾಲಿಗೆ ಮೂರರಲ್ಲಿ ಒಂದೂ ಪೂರ್ತಿಯಾಗಿ ಒದಗಲಿಲ್ಲ.

2011ರ ಜನಗಣತಿಯಂತೆ ಮೈಸೂರು ಜಿಲ್ಲೆಯ ಜನಸಂಖ್ಯೆ 30,01,127. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ; 1 ಮಾರ್ಚ್ 2027ನ್ನು ಆಧಾರ ದಿನವಾಗಿಟ್ಟುಕೊಂಡು ಮುಂದಿನ ಗಣತಿ ನಡೆಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಗಣತಿಯವರು ಗೋಡೆ ಯಾವುದರದು, ಚಾವಣಿ ಯಾವುದರದು, ನೀರು ಎಲ್ಲಿಂದ, ದೀಪ ಯಾವುದು ಎಂದು ಕೇಳುತ್ತಾರೆ. ಗೋಡೆ ಗಟ್ಟಿಯಾಗಿದ್ದರೆ ನಾಗಾಪುರದ ಮನೆಯೂ ಕೆ.ಆರ್. ನಗರದ ಮನೆಯೂ ಲೆಕ್ಕದಲ್ಲಿ ಒಂದೇ. ಆ ಮನೆಯಲ್ಲಿ ರಾತ್ರಿ ಒಲೆ ಉರಿಯುತ್ತದೆಯೇ, ಉರಿಸುವವರು ಕೊಡಗಿನ ತೋಟದಲ್ಲಿದ್ದಾರೆಯೇ ಎಂಬುದನ್ನು ಗೋಡೆ ಹೇಳುವುದಿಲ್ಲ. ಮುಂದೆ ಯಾವುದೇ ಊರನ್ನು ಎಬ್ಬಿಸುವ ಮುನ್ನ ಯೋಜನೆ ಹಾಕುವವರು ಆ ಒಲೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಇಟ್ಟಿಗೆಯ ಲೆಕ್ಕ ಆಮೇಲಿನದು.