ಭ್ರೂಣದ ಮೊದಲ ದಿನಗಳು ಮತ್ತು ಆಕರ ಕೋಶಗಳು

(ಹೈದರಾಬಾದಿನ ಮಿಯಾಪುರದ ಕನ್ನಡಿಗರಿಗಾಗಿ ಮಾಡಿದ ಭಾಷಣದ ಪಾಠ)



ಮಾನವ ಶರೀರದ ಕೋಟ್ಯನುಕೋಟಿ ಜೀವಕೋಶಗಳಿಗೆಲ್ಲ ಮೂಲವಾದುದು ಒಂದೇ ಒಂದು ಕೋಶ. ಅಂಡವು ವೀರ್ಯಾಣುವಿನೊಡನೆ ಕೂಡಿದಾಗ ಉಂಟಾಗುವ ಈ ಫಲಿತಾಂಡವು ಸುಮಾರು ಒಂದು ದಿನದ ತರುವಾಯ ಎರಡಾಗಿ ವಿಭಜನೆಗೊಳ್ಳುತ್ತದೆ. ಮೂರನೆಯ ದಿನಕ್ಕೆ ಸುಮಾರು ಎಂಟು ಕೋಶಗಳಾಗುತ್ತವೆ. ಐದನೆಯ ದಿನದ ವೇಳೆಗೆ ಅದು ದ್ರವ ತುಂಬಿದ ಗುಳ್ಳೆಯ ರೂಪವನ್ನು ತಾಳುತ್ತದೆ. ಇದನ್ನು ಬ್ಲಾಸ್ಟೊಸಿಸ್ಟ್ ಎಂದು ಕರೆಯಲಾಗುತ್ತದೆ. ಇದರ ಹೊರಪದರವು ಮಾಸಿನ ಬೆಳವಣಿಗೆಗೆ ಕಾರಣವಾದರೆ, ಒಳಗಿನ ಚಿಕ್ಕ ಕೋಶಸಮೂಹದಿಂದ ಶಿಶುವಿನ ಸಮಸ್ತ ಅಂಗಗಳೂ ರೂಪುಗೊಳ್ಳುತ್ತವೆ.

ತನ್ನಂಥವೇ ಕೋಶಗಳನ್ನು ಉತ್ಪಾದಿಸುತ್ತ, ಬೇರೆ ಬಗೆಯ ಕೋಶವಾಗಿಯೂ ಮಾರ್ಪಡಬಲ್ಲ ಕೋಶವೇ ಆಕರ ಕೋಶ, ಅಂದರೆ ಸ್ಟೆಮ್ ಸೆಲ್. ಮೇಲೆ ಹೇಳಿದ ಒಳಸಮೂಹವು ಇದರ ಮೊದಲನೆಯ ಮೂಲ. ಅಮೆರಿಕದ ಜೇಮ್ಸ್ ಥಾಮ್ಸನ್ ಅವರು 1998ರಲ್ಲಿ ಮಾನವ ಭ್ರೂಣದಿಂದ ಇಂಥ ಕೋಶಗಳನ್ನು ಪಡೆದು ಬೆಳೆಸಿದರು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಬಳಕೆಗೆ ಯೋಗ್ಯವಲ್ಲವೆಂದು ಕೈಬಿಟ್ಟ ಭ್ರೂಣಗಳಿಂದ ಎರಡು ಕೋಶಸಂತತಿಗಳನ್ನು ಪಡೆದ ವಿವರವು 2009ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಮಾನವ ಭ್ರೂಣವನ್ನು ಪ್ರಯೋಗಾಲಯದಲ್ಲಿ 14 ದಿನಗಳಿಗಿಂತ ಹೆಚ್ಚು ಕಾಲ ಬೆಳೆಸುವಂತಿಲ್ಲ.

ಎರಡನೆಯ ಮೂಲವೆಂದರೆ ಹುಟ್ಟಿದ ಮೇಲಿನ ಶರೀರ: ಅಸ್ಥಿಮಜ್ಜೆ, ಹೊಕ್ಕುಳಬಳ್ಳಿಯ ರಕ್ತ ಮುಂತಾದವು. ಇವುಗಳ ಸಾಮರ್ಥ್ಯ ಸೀಮಿತ. ರಕ್ತವನ್ನುಂಟುಮಾಡುವ ಮಜ್ಜೆಯ ಕೋಶವು ಮಿದುಳನ್ನು ಕಟ್ಟಿಕೊಡಲಾರದು. ಆದರೆ ತನ್ನ ಕ್ಷೇತ್ರದಲ್ಲಿ ಅದು ಸಮರ್ಥ. ಇದೇ ನಗರದ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು, ಸುಣ್ಣ ಮೊದಲಾದ ರಾಸಾಯನಿಕಗಳಿಂದ ಸುಟ್ಟ ಕಣ್ಣಿಗೆ, ಆರೋಗ್ಯವಂತ ಕಣ್ಣಿನ ಕಪ್ಪುಗುಡ್ಡೆಯ ಅಂಚಿನಿಂದ ತೆಗೆದ ಅಲ್ಪ ಅಂಗಾಂಶವನ್ನು ಕಸಿಮಾಡುವ ಸರಳ ವಿಧಾನವನ್ನು 2012ರಲ್ಲಿ ವರದಿ ಮಾಡಿದರು.

ಮೂರನೆಯದು ಮಾನವನಿರ್ಮಿತ ಮೂಲ. ಜಪಾನಿನ ಶಿನ್ಯಾ ಯಾಮಾನಾಕಾ ಅವರು 2006ರಲ್ಲಿ ಇಲಿಯ ಚರ್ಮದ ಕೋಶಗಳನ್ನೂ 2007ರಲ್ಲಿ ಮಾನವ ಚರ್ಮದ ಕೋಶಗಳನ್ನೂ ಭ್ರೂಣಕೋಶಸದೃಶ ಸ್ಥಿತಿಗೆ ಮರಳಿಸಿದರು. 2012ರ ನೊಬೆಲ್ ಪಾರಿತೋಷಕದಲ್ಲಿ ಅವರು ಪಾಲು ಪಡೆದರು.

ಈ ಭೇದವನ್ನರಿಯದೆ ಅನೇಕ ಕುಟುಂಬಗಳು ಜಾಹೀರಾತುಗಳಿಗೆ ಮರುಳಾಗಿ ಅಪಾರ ಹಣ ಕಳೆದುಕೊಳ್ಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯು, ರಕ್ತಸಂಬಂಧಿ ಕಾಯಿಲೆಗಳಿಗೆ ರಕ್ತೋತ್ಪಾದಕ ಆಕರ ಕೋಶಗಳ ಕಸಿಯನ್ನು ಅಂಗೀಕರಿಸಿದೆ. ಸಾಬೀತಾಗದ ಉಪಯೋಗಗಳಿಗೆ ಅನುಮತಿ ಪಡೆದ ವೈದ್ಯಕೀಯ ಪ್ರಯೋಗಗಳಲ್ಲಿ ಮಾತ್ರ ಅವಕಾಶವಿತ್ತಿದೆ. ಆದುದರಿಂದ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಪ್ರತಿಯೊಬ್ಬರ ಹಕ್ಕು: ಈ ಕೋಶಗಳು ಯಾವ ಮೂಲದವು? ಯಾವ ಕಾಯಿಲೆಗೆ ಇವುಗಳ ಗುಣ ಸಿದ್ಧಪಟ್ಟಿದೆ? ಇದು ಅಂಗೀಕೃತ ಚಿಕಿತ್ಸೆಯೋ, ಇನ್ನೂ ಪ್ರಯೋಗವೋ?